ಲೈಸೆನ್ಸ್ ಬೇಡದ ಗಾಡಿ

ನಮ್ಮ ಮನೆಯ ಗಂಡಸರೆಲ್ಲ ಗಾಡಿ ಓಡಿಸುತ್ತಿದ್ದರು. ಲೈಸೆನ್ಸ್ ಇದ್ದದ್ದು ಗಾಡಿ ಓಡಿಸದ ನನಗೊಬ್ಬಳಿಗೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಆರ್‌ಟಿಒ ಕಚೇರಿಗೆ ಹೊರಟಿದ್ದಳು. ಜೊತೆಗೆ ಹೋದ ನಾನೂ ಅರ್ಜಿ ಹಾಕಿದೆ. ಅವಳ ಮೊಪೆಡ್ಡಿನಲ್ಲೇ ಕಲಿತು, ಮೈದಾನದಲ್ಲಿ ಸುಣ್ಣದಿಂದ ಬರೆದಿದ್ದ ಎಂಟರ ಆಕಾರದ ಮೇಲೆ ಕಾಲು ನೆಲಕ್ಕೆ ತಾಗಿಸದೆ ಸುತ್ತಿ ಬಂದೆ. ಇನ್‌ಸ್ಪೆಕ್ಟರು ತಲೆಯಾಡಿಸಿದರು. ಅದಾದ ಮೇಲೆ ಗಾಡಿ ಮುಟ್ಟಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಾನು ಹೋಗಬೇಕಾದ ಜಾಗಗಳೆಲ್ಲ ನಡೆಯುವಷ್ಟು ಹತ್ತಿರ ಇದ್ದವು. ಬೇಗ ನಡೆಯುವವರನ್ನು ಯಾರೂ ನಿಲ್ಲಿಸಿ ಮಾತಾಡಿಸುವುದೂ ಇಲ್ಲ.

ಆ ಲೈಸೆನ್ಸು ನಮ್ಮ ಮನೆಗೆ ಒಂದು ತಮಾಷೆಯ ವಸ್ತುವಾಗಿತ್ತು. ಬಂದವರ ಮುಂದೆ ಕಾಕ ನನ್ನನ್ನು ತೋರಿಸಿ ಹೇಳುತ್ತಿದ್ದ: “ನಮ್ಮವ್ವಗ ಲೈಸೆನ್ಸ್ ಐತಿ, ಗಾಡಿ ಇಲ್ಲ. ನಮಗ ಗಾಡಿ ಐತಿ, ಲೈಸೆನ್ಸ್ ಇಲ್ಲ. ಎರಡೂ ಸೇರಿ ಒಂದ್ ಮನಿ ನೋಡ್ರಿ.” ಬಂದವರು ನಗುತ್ತಿದ್ದರು. ಅವರಿಗೂ ಲೈಸೆನ್ಸ್ ಇರುತ್ತಿರಲಿಲ್ಲ.

ಕಾಕ ಎಂದರೆ ಅಪ್ಪನ ತಮ್ಮ. ಇಬ್ಬರೂ ಸೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದರು. ಹೊಸ ಮೋಟಾರು, ಪೈಪು, ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಾತಾಡದೆ ವ್ಯಾಪಾರ ಮಾಡುತ್ತಿದ್ದ, ಕಾಕ ಅಂಗಡಿಯ ಮುಂದೆ ನಿಂತು ಮಾತಾಡಿ ವ್ಯಾಪಾರ ಮಾಡುತ್ತಿದ್ದ.

ಆ ವ್ಯಾಪಾರದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಮೋಟಾರಿನ ಮೈಮೇಲೆ ಅದರ ಶಕ್ತಿ ಎಷ್ಟು ಎಂದು ಕೊರೆದ ಒಂದು ತಗಡು ಇರುತ್ತದೆ. ಅದಕ್ಕೆ ಎಲ್ಲರೂ ಪ್ಲೇಟು ಎನ್ನುತ್ತಾರೆ. ಕರೆಂಟಿನವರು ಬೋರಿನ ಹತ್ತಿರ ಬಂದರೆ ನೋಡುವುದು ಆ ಪ್ಲೇಟನ್ನು. ರೈತನಿಗೆ ಮಂಜೂರಾಗಿರುವುದು ಐದು ಎಚ್‌ಪಿ, ಬೇಕಾಗಿರುವುದು ಏಳೂವರೆ. ಆದ್ದರಿಂದ ಪ್ಲೇಟಿನ ಮೇಲೆ ಐದು, ಒಳಗೆ ಏಳೂವರೆ. ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಬಂದು ನೋಡಿ ಬರೆದುಕೊಂಡು ಹೋಗುವವನಿಗೂ ಗೊತ್ತು. ಟ್ರಾನ್ಸ್‌ಫಾರ್ಮರ್ ಒಂದಕ್ಕೆ ಗೊತ್ತಿರುತ್ತಿರಲಿಲ್ಲ, ಅದು ಸುಟ್ಟು ಹೋಗುತ್ತಿತ್ತು. ಆಗ ಊರಿನವರೆಲ್ಲ ಸೇರಿ ಕರೆಂಟಿನವರನ್ನು ಬೈಯುತ್ತಿದ್ದರು. ಇದರಲ್ಲಿ ಮೋಸ ಇದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ನೋಡುವವರಿಗಾಗಿ ಒಂದು, ಕೆಲಸಕ್ಕಾಗಿ ಒಂದು, ಅಷ್ಟೇ.

ಇಂಥ ಅಂಗಡಿಗೆ ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ಬ್ಯಾಟರಿ ಸ್ಕೂಟರು ಬಂದಿತು. ದಾವಣಗೆರೆಯ ಡೀಲರೊಬ್ಬ ಕಾಕನನ್ನು ಸಬ್‌ಡೀಲರು ಮಾಡುತ್ತೇನೆಂದು ಹೇಳಿ ಲಾರಿಯಲ್ಲಿ ನಾಲ್ಕಾರು ಗಾಡಿ ಕಳಿಸಿದ. ಆಟಿಕೆಯಂಥ ಗಾಡಿ. ಕೆಂಪು, ನೀಲಿ, ಹಾಲಿನಲ್ಲಿ ಅರಿಶಿನ ಕಲಸಿದಂಥ ಒಂದು ಬಣ್ಣ. ಕೀಲಿ ತಿರುಗಿಸಿದರೆ ಸದ್ದಿಲ್ಲ, ಹೊಗೆಯಿಲ್ಲ. ಕಾಕ ಅಂಗಡಿಯ ಮುಂದೆ ಬೋರ್ಡು ಬರೆಸಿದ: ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ನಂಬರ್ ಬೇಡ. ಬೋರ್ಡು ಬರೆಯುವವನು ಕೆಳಗೆ ಜಾಗ ಉಳಿದಿದೆ, ಇನ್ನೇನಾದರೂ ಬೇಡವೇ ಎಂದು ಕೇಳಿದನಂತೆ. ಕಾಕ ಯೋಚಿಸಿ “ಚಿಂತೆ ಬೇಡ” ಅಂತಲೂ ಬರೆಸಿದ.

ಬೋರ್ಡು ಸುಳ್ಳಲ್ಲ. ಗಾಡಿಯ ಜೊತೆ ಒಂದು ಸಣ್ಣ ಪುಸ್ತಕ ಬಂದಿತ್ತು. ಅದನ್ನು ಓದಿದ್ದು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮೋಟಾರಿನ ಶಕ್ತಿ ಇಷ್ಟರೊಳಗಿದ್ದು, ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಕಿಲ್ಲ. ಅದಕ್ಕಾಗಿಯೇ ಕಂಪನಿಯವರು ಒಳಗೆ ಒಂದು ವೈರಿನಿಂದ ವೇಗಕ್ಕೆ ಮೂಗುದಾರ ಹಾಕಿದ್ದರು. ಆ ವೈರು ತೆಗೆದರೆ ಗಾಡಿ ಬೇರೆ ಜಾತಿಗೆ ಸೇರುತ್ತದೆ, ಆಗ ಎಲ್ಲವೂ ಬೇಕು ಎಂದು ಪುಸ್ತಕದ ಕೊನೆಯಲ್ಲಿ, ಓದಬಾರದೆಂದೇ ಮಾಡಿದಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ ಎಂದೂ ಅದರ ಪಕ್ಕದಲ್ಲೇ ಇತ್ತು.

ಮೊದಲ ವಾರ ಗಿರಾಕಿಗಳು ಬಂದು ಒಂದು ಸುತ್ತು ಹೊಡೆದು ನಕ್ಕು ಹೋದರು. ಕಾಕನ ಮೈಭಾರಕ್ಕೆ ಗಾಡಿ ಕೂಡ್ಲಿಗಿ ರಸ್ತೆಯ ಏರಿನಲ್ಲಿ ನಿಂತೇ ಬಿಟ್ಟಿತ್ತು. ಇಟ್ಟಿಗಿಯಿಂದ ಬಂದಿದ್ದ ಒಬ್ಬ ಹಳೆಯ ಗಿರಾಕಿ ಅದನ್ನು ನೋಡಿ, “ಸಾವ್ಕಾರ್ರ, ನಮ್ಮ ಎಮ್ಮಿ ಇದಕ್ಕಿಂತ ಮುಂದ ಹೋಗತೈತ್ರಿ. ಮ್ಯಾಲ ಹಾಲೂ ಕೊಡತೈತಿ” ಎಂದ.

ಕಾಕನಿಗೆ ಅವಮಾನವಾಯಿತು. ಆದರೆ ದಾರಿ ಗೊತ್ತಿತ್ತು, ವರ್ಷಗಟ್ಟಲೆ ಮಾಡಿದ ಕೆಲಸವೇ. ಅಂಗಡಿಯಲ್ಲಿ ತಂತಿ ಸುತ್ತುವವನನ್ನು ಕರೆದು ಸೀಟಿನ ಕೆಳಗೆ ಕೈಹಾಕಿಸಿದ. ವೈರು ಕತ್ತರಿಸಿದರು. ಗಾಡಿ ಹಾರಿತು. ಹೊರಗೆ ಅಂಟಿಸಿದ್ದ ಕಂಪನಿಯ ಪ್ಲೇಟು ಹಾಗೇ ಇತ್ತು, ಇಪ್ಪತ್ತೈದು ಎಂದು ಹೇಳುತ್ತ.

ಇನ್ನು ಊರಿಗೆ ತೋರಿಸಬೇಕಾಗಿತ್ತು. ದೊಡ್ಡವರು ಓಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಕಾಕ ತನ್ನ ಮಗಳನ್ನು ಕೂರಿಸಿದ. ಆಗ ಅವಳು ಆರನೆಯ ಇಯತ್ತೆ. ಎರಡು ಜಡೆ, ಕೆಂಪು ರಿಬ್ಬನ್ನು, ಕೂತರೆ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಒಂದೇ ಮಧ್ಯಾಹ್ನದಲ್ಲಿ ಕಲಿತಳು. ನನಗಿಂತ ಎಷ್ಟೋ ಚೆನ್ನಾಗಿ ಓಡಿಸುತ್ತಿದ್ದಳು ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದನ್ನು ಅವಳೂ ಎಲ್ಲರಿಗೂ ಹೇಳುತ್ತಿದ್ದಳು.

ಶಾಲೆಗೆ, ಟ್ಯೂಶನ್ನಿಗೆ, ಹಿಟ್ಟಿನ ಗಿರಣಿಗೆ ಆ ಹುಡುಗಿ ಗಾಡಿಯ ಮೇಲೆ ಹೊರಟಿತು. ಹಿಂದೆ ಅಂಗಡಿಯ ಫೋನ್ ನಂಬರು ಬರೆದ ಬಟ್ಟೆ. ಬೀದಿಯ ಹೆಂಗಸರು ಹೊಸ್ತಿಲಿಗೆ ಬಂದು ನಿಂತು ಹುಬ್ಬಿನ ಮೇಲೆ ಕೈ ಇಟ್ಟು ನೋಡಿದರು. “ಎಷ್ಟ್ ಶಾಣ್ಯಾ ಅದಾಳ ನೋಡವಾ” ಎಂದರು. ಶಾಲೆಯ ಮೇಷ್ಟ್ರು ಗಾಡಿಯನ್ನು ಹೂವಿನ ಗಿಡದ ಪಕ್ಕ ನೆರಳಿಗೆ ನಿಲ್ಲಿಸಲು ಜಾಗ ಮಾಡಿಕೊಟ್ಟರು. ತಿಂಗಳು ಕಳೆಯುವುದರೊಳಗೆ ಎಣ್ಣೆ ಮಿಲ್ಲಿನವರ ಮಗ, ಬಟ್ಟೆ ಅಂಗಡಿಯವರ ಅವಳಿ ಮಕ್ಕಳು, ಠಾಣೆಯ ಹವಾಲ್ದಾರರ ಮಗ, ಎಲ್ಲರ ಹತ್ತಿರವೂ ಒಂದೊಂದು ಗಾಡಿ. ಒಂದರ ಮೇಲೆ ಮೂವರು ಕೂತು, ಮೂರು ಟ್ಯೂಶನ್ ಚೀಲ ಹ್ಯಾಂಡಲಿಗೆ ನೇತು ಹಾಕಿಕೊಂಡು ಹೋಗುತ್ತಿದ್ದರು. ಸೈಕಲ್ ಓಡಿಸುವ ಮಕ್ಕಳನ್ನು ಕಂಡರೆ ಪಾಪ ಎನ್ನುವ ಹಾಗಾಯಿತು. ಹೆಲ್ಮೆಟ್ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದು ಬಳ್ಳಾರಿಯಂಥ ಊರಿನವರಿಗೆ ಬೇಕಾದದ್ದು, ನಮ್ಮ ತಲೆಗಳಿಗೆ ಅದರ ಅಗತ್ಯವಿಲ್ಲ ಎಂದು ಎಲ್ಲರೂ ಒಪ್ಪಿದ್ದರು.

ನಾನು ಹೇಳಿದೆ. ಊಟಕ್ಕೆ ಕೂತಾಗ, ಪುಸ್ತಕ ತೆರೆದು ಆ ಪುಟ ತೋರಿಸಿ ಹೇಳಿದೆ. ವೈರು ಕತ್ತರಿಸಿದ ಮೇಲೆ ಅದು ಮೋಟಾರು ವಾಹನ. ಹುಡುಗಿಗೆ ಹನ್ನೊಂದು ವರ್ಷ. ಏನಾದರೂ ಆದರೆ ವಿಮೆಯೂ ಇಲ್ಲ, ಕೊಟ್ಟವರ ತಲೆಗೆ ಬರುತ್ತದೆ.

ಕಾಕ ರೊಟ್ಟಿ ಮುರಿಯುತ್ತ ಪುಸ್ತಕವನ್ನು ದೂರದಿಂದಲೇ ನೋಡಿದ. “ಯವ್ವಾ, ನಾ ಇಷ್ಟ್ ವರ್ಷ ಮೋಟಾರ್ ಮಾರೀನಿ. ಯಾವ ಮೋಟಾರ್ ಪುಸ್ತಕದಾಗ ಬರ್ದಂಗ ತಿರಗೈತಿ ಹೇಳು.”

“ಪಂಪ್‌ಸೆಟ್ ರೋಡಿಗೆ ಬರಂಗಿಲ್ಲ ಕಾಕ.”

“ಮಾತಿಗೇನು ಕಡಿಮಿಲ್ಲ” ಎಂದಳು ಚಿಗವ್ವ, ಅವನ ಹೆಂಡತಿ, ನನ್ನ ತಟ್ಟೆಗೆ ಬೇಡವೆಂದರೂ ಪಲ್ಯ ಹಾಕುತ್ತ. “ನಮ್ಮ ಹುಡುಗಿ ಎಷ್ಟ್ ಹುಷಾರು. ನೀನೂ ಕಲಕೊ ಆಕಿ ಕಡಿಂದ.”

ಅಪ್ಪ ಮಜ್ಜಿಗೆ ಕುಡಿದು ಎದ್ದ.

ಆಮೇಲೆ ನಾನು ನನ್ನ ಕೆಲಸ ನೋಡಿಕೊಂಡೆ. ನನ್ನ ಕೆಲಸ ಕಾಯುವುದು. ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ ಹುದ್ದೆಗೆ ನನ್ನ ಆಯ್ಕೆಯಾಗಿತ್ತು. ಪೊಲೀಸ್ ಪರಿಶೀಲನೆ ಒಂದು ಬಾಕಿ. ಈ ವ್ಯಕ್ತಿಯ ಮೇಲೆ ಯಾವ ಕೇಸೂ ಇಲ್ಲ ಎಂದು ನಮ್ಮ ಊರಿನ ಠಾಣೆ ಬರೆದು ಕಳಿಸಬೇಕಿತ್ತು. ಇಷ್ಟು ವರ್ಷ ಓದಿ ನಾನು ಬಯಸಿದ್ದು ನನ್ನದೇ ಒಂದು ಬಾಡಿಗೆ ಕೋಣೆ, ಅದರ ಬೀಗದ ಕೈ. ಅದು ಆ ಒಂದು ಸಾಲಿಗೆ ನಿಂತಿತ್ತು.

ಹಡಗಲಿ ರಸ್ತೆಯಲ್ಲಿ ಊರು ಮುಗಿಯುವ ಕಡೆ ಹೊಸ ಬಡಾವಣೆ, ಅಲ್ಲಿ ಟ್ಯೂಶನ್ನು. ಸಂಜೆಯ ಹೊತ್ತು ಆ ರಸ್ತೆಯಲ್ಲಿ ಕುರಿಗಳು ಹಟ್ಟಿಗೆ ಮರಳುತ್ತವೆ. ಹಿಂದೆ ಬರುವವರಿಗೆ ಒಂದು ಅಭ್ಯಾಸ ಇರುತ್ತದೆ: ಕಿವಿಯಲ್ಲೇ ರಸ್ತೆ ನೋಡುವುದು. ಲಾರಿಯ ಸದ್ದು ಬಂದರೆ ಇಡೀ ಹಿಂಡನ್ನು ಕೆಳಗಿಳಿಸುತ್ತಾರೆ, ಮೋಟರ್‌ಸೈಕಲ್ ಆದರೆ ಅರ್ಧ ದಾರಿ ಬಿಡುತ್ತಾರೆ, ತಿರುಗಿ ನೋಡುವುದೇ ಇಲ್ಲ. ಆ ದಿನ ಹಿಂಡಿನ ಹಿಂದೆ ಇದ್ದದ್ದು ನಡುವಯಸ್ಸಿನ ಒಬ್ಬ ಹೆಂಗಸು. ಅವಳ ಬೆನ್ನ ಹಿಂದಿನಿಂದ ನಮ್ಮ ಹುಡುಗಿ, ಜೊತೆಗೊಬ್ಬ ಗೆಳತಿಯನ್ನು ಕೂರಿಸಿಕೊಂಡು, ಸದ್ದಿಲ್ಲದೆ, ಪ್ಲೇಟು ಹೇಳದಷ್ಟು ವೇಗದಲ್ಲಿ ಬಂದಳು. ಒಂದು ಕುರಿ ಅಡ್ಡ ಸರಿಯಿತು. ಹುಡುಗಿ ಕುರಿಯನ್ನು ಉಳಿಸಿದಳು.

ಹೆಂಗಸಿನ ಬಲಗೈ ಮೊಳಕೈಯ ಕೆಳಗೆ ಮುರಿಯಿತು. ಹುಡುಗಿಯ ಗದ್ದ ಸೀಳಿತು, ಮುಂದಿನ ಹಲ್ಲೊಂದು ಅರ್ಧ ಹೋಯಿತು. ಹಿಂದೆ ಕೂತವಳ ಮಂಡಿ ತರಚಿತು. ಗದ್ದದಿಂದ ರಕ್ತ ಸುರಿಯುತ್ತಿದ್ದರೂ ಎದ್ದು ನಿಂತ ಹುಡುಗಿ ಮೊದಲು ಕೇಳಿದ್ದು, “ಕೇಳಿಸಲಿಲ್ಲೇನು ನಿಮಗ?” ಎಂದು. ನೆಲದಲ್ಲಿ ಕೂತಿದ್ದ ಹೆಂಗಸು, “ಏನ್ ಕೇಳಿಸಬೇಕಿತ್ತಬೇ?” ಎಂದಳಂತೆ. ಇದನ್ನು ನನಗೆ ಹೇಳಿದ್ದು ಹುಡುಗಿಯೇ. ಉತ್ತರ ಏನು ಕೊಡಬೇಕಿತ್ತು ಎಂದು ಆಮೇಲೂ ಎಷ್ಟೋ ಸಲ ಕೇಳಿದ್ದಾಳೆ.

ಆಸ್ಪತ್ರೆಯ ಡಾಕ್ಟರು ಇದು ಅಪಘಾತ, ಠಾಣೆಗೆ ತಿಳಿಸಲೇಬೇಕು ಎಂದರು. ಮರುದಿನ ಬೆಳಿಗ್ಗೆ ಹವಾಲ್ದಾರರು ಮನೆಗೆ ಬಂದರು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಕರೆದರು. ಪಡಸಾಲೆಯಲ್ಲಿ ಚಹಾ ಮುಗಿದಿತ್ತು. ಹವಾಲ್ದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವ ಏನ್ರಿ ಮೇಡಂ ಗಾಡಿ ಹೊಡಿತಿದ್ದಾಕಿ?” ಎಂದರು.

ನಾನು ಕಾಕನ ಕಡೆ ನೋಡಿದೆ. ಕಾಕ ಫ್ಯಾನಿನ ಕಡೆ ನೋಡಿದ.

ಅವನು ಆಗಲೇ ಹೇಳಿ ಮುಗಿಸಿದ್ದ. ಗಾಡಿ ಓಡಿಸುತ್ತಿದ್ದದ್ದು ಅಣ್ಣನ ಮಗಳು, ಎಂ.ಎ. ಓದಿದಾಕಿ, ಲೈಸೆನ್ಸ್ ಐತಿ, ಮಕ್ಕಳಿಬ್ಬರು ಹಿಂದೆ ಕೂತಿದ್ದರು. ನನ್ನ ಪೂರ್ತಿ ಹೆಸರನ್ನು, ಇನಿಷಿಯಲ್ ಸಮೇತ, ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಂಗಡಿಯ ಬೋರ್ಡಿನಲ್ಲಿ ಅಜ್ಜ, ಅಪ್ಪ, ಕಾಕ, ಇನ್ನೂ ತೊಟ್ಟಿಲಲ್ಲಿದ್ದ ಅವನ ಮಗ, ಎಲ್ಲರ ಹೆಸರೂ ಇದ್ದವು. ನನ್ನ ಹೆಸರಿಗೆ ಒಂದು ಜಾಗ ಸಿಕ್ಕಿದ್ದು ಹವಾಲ್ದಾರರ ಬಾಯಲ್ಲಿ.

“ಲೈಸೆನ್ಸ್ ಬೇಡ ಅಂತ ಬೋರ್ಡ್ ಐತಲ್ಲ ಕಾಕ” ಎಂದೆ. “ಬೇಡದ ಗಾಡಿಗೆ ನನ್ನ ಲೈಸೆನ್ಸ್ ಯಾಕ?”

ಉತ್ತರ ಕೊಟ್ಟವರು ಹವಾಲ್ದಾರರು, ಬಹಳ ಸಹನೆಯಿಂದ. “ನೋಡ್ರಿ ಮೇಡಂ, ಪ್ಲೇಟಿನಂಗ ಇದ್ರ ಬ್ಯಾಡ. ಹೊಸಪೇಟಿಯಿಂದ ಮೋಟಾರ್ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡ್ತಾರ. ವೈರ್ ಕತ್ತರಿಸಿದ್ದು ಕಂಡ್ರ ಬೇಕಾಗತೈತಿ. ಸಣ್ಣ ಹುಡುಗಿ ಅಂದ್ರ ನಿಮ್ಮ ಕಾಕಾರ ಮ್ಯಾಲ ಬರತೈತಿ. ನೀವಾದ್ರ ಲೈಸೆನ್ಸ್ ಇದ್ದಾಕಿ, ಹಗುರಾಗತೈತಿ.”

“ವೈರು ಜೋಡಿಸಿಬಿಟ್ಟೀವಿ ಮತ್ತ” ಎಂದ ಕಾಕ ಮೆಲ್ಲಗೆ. “ಆದ್ರೂ ಇರ್ಲಿ ಅಂತ.”

ಅಂದರೆ ಪ್ಲೇಟು ನಿಜವಾದರೆ ಗಾಡಿ ಉಳಿಯುತ್ತದೆ, ಪ್ಲೇಟು ಸುಳ್ಳಾದರೆ ನಾನು ಇದ್ದೇನೆ. ಅವನ ಲೆಕ್ಕ ನನಗೆ ಆಗ ಪೂರ್ತಿ ಅರ್ಥವಾಯಿತು, ಮತ್ತು ಅದರಲ್ಲಿ ಕೆಡುಕು ಇರಲಿಲ್ಲ ಎಂಬುದೂ ಅರ್ಥವಾಯಿತು. ಅವನು ತನಗೆ ಗೊತ್ತಿದ್ದ ಕೆಲಸ ಮಾಡಿದ್ದ. ಒಳಗೆ ಹುಡುಗಿ, ಮೈಮೇಲೆ ನನ್ನ ತಗಡು.

“ಕೇಸ್ ನನ್ನ ಹೆಸರಿಗೆ ಬರತೈತಲ್ಲ” ಎಂದೆ ಹವಾಲ್ದಾರರಿಗೆ. “ನನ್ನ ವೆರಿಫಿಕೇಶನ್ ಬಾಕಿ ಐತಿ.”

“ಅದೂ ನಮ್ಮ ಠಾಣಿಗೇ ಬರತೈತಲ್ರಿ” ಎಂದು ಅವರು ನಕ್ಕರು. “ನಾನ ನೋಡ್ಕೊಂತೀನಿ.”

ಆ ನಗೆಯನ್ನು ಎರಡು ರೀತಿಯಲ್ಲಿ ಓದಬಹುದಾಗಿತ್ತು. ಬಾಗಿಲ ಹೊರಗೆ ಅವರ ಮಗ ತನ್ನ ನೀಲಿ ಗಾಡಿಯ ಮೇಲೆ ಕಾಯುತ್ತಿದ್ದ. ಅಪ್ಪನನ್ನು ಠಾಣೆಗೆ ಬಿಟ್ಟು ಅವನು ಶಾಲೆಗೆ ಹೋಗಬೇಕಿತ್ತು. ಯೋಚನೆ ಮಾಡಿ ಬಂದು ಹೇಳಿಕೆ ಕೊಡಿ ಎಂದು ಹೇಳಿ ಹವಾಲ್ದಾರರು ಮಗನ ಹಿಂದೆ ಕೂತು ಹೋದರು.

ಮನೆಯಲ್ಲಿ ಯಾರೂ ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ಸುಲಭವಿತ್ತು. ಚಿಗವ್ವ ನನ್ನ ಜಡೆಗೆ ಎಣ್ಣೆ ಹಚ್ಚಲು ಬಂದಳು, ಎಂದೂ ಹಚ್ಚದವಳು. “ಹೆಸರು ಕೊಡು ಅಂತೀವಿ ಅಷ್ಟ. ಹೆಸರೇನು ಸವೀತೈತೇನು? ಸಣ್ಣಾಕಿ ಮಾರಿ ನೋಡು, ನಾಳೆ ಆಕಿನ್ನ ಠಾಣಿಗೆ ಕರಸಿದ್ರ ಯಾರ್ ಲಗ್ನ ಆಗ್ತಾರ?” ಹನ್ನೊಂದು ವರ್ಷದ ಹುಡುಗಿಯ ಲಗ್ನದ ಚಿಂತೆ ಅವಳಿಗೆ ಗಾಡಿ ಹತ್ತಿಸುವಾಗ ಬಂದಿರಲಿಲ್ಲ. ಇಪ್ಪತ್ತನಾಲ್ಕರ ನನ್ನ ಲಗ್ನದ ಚಿಂತೆ ಆ ಹೊತ್ತಿಗೆ ಬಿಟ್ಟಿದ್ದಳೆಂದು ಕಾಣುತ್ತದೆ. ಅಪ್ಪ ಮಾತ್ರ, ನಾನು ಎದುರು ಹೋಗಿ ನಿಂತ ಮೇಲೆ, “ನಿನಗ ತಿಳಿದಂಗ ಮಾಡು” ಎಂದ. ಅದು ಒಪ್ಪಿಗೆಯೂ ಅಲ್ಲ, ಆಸರೆಯೂ ಅಲ್ಲ.

ಹುಡುಗಿ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಅದಕ್ಕೆ ಬೇರೆಯೇ ಸಂಕಟ. “ಅಕ್ಕಗ ಹೊಡಿಯಾಕ ಬರಂಗಿಲ್ಲ” ಎಂದು ಅವ್ವನಿಗೆ ಹೇಳಿತು. “ಅಕ್ಕ ಹೊಡದಿದ್ರ ಕುರಿ ಸಾಯ್ತಿತ್ತು.”

“ಬಾಯ್ ಮುಚ್ಚು” ಎಂದಳು ಚಿಗವ್ವ.

ಎರಡು ದಿನ ಬಿಟ್ಟು ಹೆಂಗಸಿನ ಅಣ್ಣ ಅಂಗಡಿಗೆ ಬಂದ. ಹಟ್ಟಿಯ ನಾಲ್ಕು ಜನ ಹಿರಿಯರು ಜೊತೆಗಿದ್ದರು. ಹೊಲ, ಬೋರು, ಕುರಿ ಎಲ್ಲ ಇದ್ದ ಮನೆ. ಅವರ ಬೋರಿಗೆ ಮೋಟಾರು ಹೋದದ್ದು ನಮ್ಮ ಅಂಗಡಿಯಿಂದಲೇ. ಪೊಲೀಸು, ಕೋರ್ಟು ಎಂದು ಅಲೆಯಲು ತಮಗೆ ಪುರುಸೊತ್ತಿಲ್ಲ ಎಂದು ಅವನು ಹೇಳಿದ. ಅವರಲ್ಲಿ ಒಂದು ನಡೆ ಇದೆ. ಯಾರಿಂದ ನೋವಾಯಿತೋ ಅವರು ನೊಂದವರ ಮನೆಗೆ ಬಂದು, ಮೈಲಾರಲಿಂಗನ ಭಂಡಾರವನ್ನು ಅಂಗೈಯಲ್ಲಿ ಹಿಡಿದು, ನನ್ನಿಂದ ಆಯಿತು ಎಂದು ಹೇಳಬೇಕು. ಭಂಡಾರ ಅಂದರೆ ದೇವರ ಅರಿಶಿನ ಪುಡಿ. ನೊಂದವರು ಅದನ್ನು ತೆಗೆದು ಇಬ್ಬರ ಹಣೆಗೂ ಹಚ್ಚುತ್ತಾರೆ. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವುದಿಲ್ಲ.

ಕಾಕನಿಗೆ ಖುಷಿಯಾಯಿತು. “ಅಷ್ಟ ಏನ್ರಿ, ನಾಳೆನ ಕಳಸ್ತೀನಿ” ಎಂದ.

ಮನೆಗೆ ಬಂದು ಅವನು ನನಗೆ ಅದನ್ನು ಒಳ್ಳೆಯ ಸುದ್ದಿ ಎಂಬಂತೆ ಹೇಳಿದ. ಅಲ್ಲಿ ಹೋಗಿ ಒಂದು ಮಾತು ಹೇಳಿದರೆ ಅವರ ಕಡೆಯಿಂದ ದೂರು ಇರುವುದಿಲ್ಲ, ಠಾಣೆಯಲ್ಲೂ ಅದೇ ಮಾತು ಹೇಳಿದರೆ ಕೇಸು ತೆಳ್ಳಗಾಗುತ್ತದೆ. ನಾನು ಬರುತ್ತೇನೆ ಎಂದೆ. ಏನು ಹೇಳುತ್ತೇನೆ ಎಂದು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಇಂಥ ಕೆಲಸಕ್ಕೆ ಹೊರಟ ಹುಡುಗಿಯರಿಗೆ ತಮ್ಮದೇ ಮಾತೊಂದು ಇರಬಹುದು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ.

ಮರುದಿನ ಕಾಕನ ಜೊತೆ ಹಟ್ಟಿಗೆ ಹೋದೆ. ಅವರ ಮನೆ ಅಚ್ಚುಕಟ್ಟಾಗಿತ್ತು. ನಡುಮನೆಯಲ್ಲಿ ಕಂಬಳಿ ಹಾಸಿದ್ದರು. ಗೋಡೆಗೆ ಒರಗಿ ಆ ಹೆಂಗಸು ಕೂತಿದ್ದಳು, ಕೈಗೆ ಬಿಳಿ ಪಟ್ಟಿ, ಕುತ್ತಿಗೆಯಿಂದ ಇಳಿಬಿಟ್ಟ ಜೋಲಿ. ಹಟ್ಟಿಯ ಗಂಡಸರು ಸುತ್ತ ಕೂತಿದ್ದರು. ಅವರಲ್ಲಿ ಬಹಳ ಜನ ಕಾಕನ ಗಿರಾಕಿಗಳು, ಒಬ್ಬೊಬ್ಬರೇ “ಬರ್ರಿ ಸಾವ್ಕಾರ್ರ” ಎಂದರು. ಬಾಗಿಲ ಪಕ್ಕ ಒಂದು ಹಿತ್ತಾಳೆಯ ಬಟ್ಟಲಲ್ಲಿ ಭಂಡಾರ ಇತ್ತು.

ಹೆಂಗಸು ನನ್ನನ್ನು ನೋಡಿ ಅಣ್ಣನಿಗೆ ಕೇಳಿದಳು: “ಈಕಿ ಯಾರು?”

“ಗಾಡಿ ಹೊಡದಾಕಿ” ಎಂದ ಕಾಕ.

ಅವಳು ಮತ್ತೊಮ್ಮೆ ನೋಡಿದಳು. ಅಣ್ಣ ಬಟ್ಟಲು ತಂದು ನನ್ನ ಮುಂದೆ ಹಿಡಿದ. “ಕೈ ಹಿಡೀರಿ ತಂಗಿ.”

ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ದೇವರ ಮೇಲಿನ ಭಯ ಅದು ಎಂದು ಅಲ್ಲಿದ್ದವರು ಆಮೇಲೆ ಮಾತಾಡಿಕೊಂಡರಂತೆ. ಹಾಗೇ ಅಂದುಕೊಳ್ಳಲಿ. ನನಗೆ ಇದ್ದದ್ದು ಬೇರೆ ಲೆಕ್ಕ: ಇಷ್ಟು ಜನರ ಮುಂದೆ ಒಮ್ಮೆ ನಾನೇ ಎಂದು ಹೇಳಿದರೆ, ಆಮೇಲೆ ಯಾವ ಠಾಣೆಯಲ್ಲೂ ನಾನಲ್ಲ ಎನ್ನಲು ಆಗುವುದಿಲ್ಲ. ಅದೇ ರೀತಿ, ಇಲ್ಲಿ ಒಮ್ಮೆ ನಾನಲ್ಲ ಎಂದರೆ, ಯಾರೂ ನನ್ನನ್ನು ನಾನೇ ಎಂದು ಮಾಡಲು ಆಗುವುದಿಲ್ಲ.

“ಗಾಡಿ ಹೊಡದಾಕಿ ನಾನಲ್ರಿ” ಎಂದೆ. “ನಾನು ಆಗ ಮನ್ಯಾಗ ಇದ್ದೆ.”

ಕಾಕ ಕೆಮ್ಮಿದ. ಯಾರೋ ಕಂಬಳಿಯ ಅಂಚನ್ನು ಸರಿ ಮಾಡಿದರು.

“ಗೊತ್ತೈತಿ” ಎಂದಳು ಹೆಂಗಸು. “ಎರಡು ಜಡಿ ಹುಡುಗಿ. ಗದ್ದದಾಗ ರಕ್ತ ಸುರಿತಿತ್ತು. ನನ್ನ ಸೆರಗ ಎಡಗೈಲೆ ಒತ್ತಿ ಹಿಡದೀನಿ, ನನಗ ಗೊತ್ತಾಗಂಗಿಲ್ಲೇನು?” ಆಮೇಲೆ ಕಾಕನ ಕಡೆ ತಿರುಗಿದಳು. “ಈಕಿನ್ನ ಯಾಕ ಕರಕೊಂಡ್ ಬಂದ್ರಿ ಸಾವ್ಕಾರ್ರ?”

ಕಾಕ ತಡವರಿಸಿದ. “ಆಕಿಗೆ ಲೈಸೆನ್ಸ್ ಐತಿ” ಎಂದ.

ಅಷ್ಟು ಜನರ ನಡುವೆ ಆ ಮಾತು ಎಷ್ಟು ಪೆದ್ದಾಗಿ ಕೇಳಿತೆಂದರೆ ಹಿರಿಯರಲ್ಲಿ ಒಬ್ಬ ಮುಖ ತಿರುಗಿಸಿ ನಕ್ಕುಬಿಟ್ಟ. ಹೆಂಗಸು ನಗಲಿಲ್ಲ.

“ಹುಡುಗಿ ಬ್ಯಾಡ ಬಿಡ್ರಿ, ಅದಕ್ಕೇನ್ ತಿಳಿತೈತಿ. ಗಾಡಿ ಕೊಟ್ಟಾಂವ ಯಾರು? ಅವರ ಕೈಗೆ ಹಾಕು ಅಣ್ಣ.”

ಕಾನೂನು ಹೇಳುವುದೂ ಅದನ್ನೇ. ನಾನು ಪುಸ್ತಕ ತೆರೆದು ಹೇಳಿದಾಗ ನಮ್ಮ ಮನೆಯಲ್ಲಿ ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳಿತ್ತು. ಇಲ್ಲಿ ಕಾಕ ಎರಡೂ ಕೈ ಚಾಚಿದ. ಚಾಚದೆ ಬೇರೆ ದಾರಿ ಇರಲಿಲ್ಲ. ಭಂಡಾರದ ಮುಂದೆ ಹಿಂದೆ ಸರಿದವನ ಅಂಗಡಿಗೆ ಆ ಹಟ್ಟಿಯಿಂದ, ಆ ಸೀಮೆಯ ಯಾವ ಹಟ್ಟಿಯಿಂದಲೂ ಮತ್ತೆ ಯಾರೂ ಮೋಟಾರು ಕೊಳ್ಳಲು ಬರುವುದಿಲ್ಲ. ಅಂಗೈ ತುಂಬ ಹಳದಿ ಪುಡಿ ಬಿತ್ತು. “ಗಾಡಿ ನಂದು” ಎಂದ ಕಾಕ. “ಮಗಳಿಗೆ ಕೊಟ್ಟಾಂವ ನಾನ. ನನ್ನಿಂದ ಆತು.”

“ವೈರ್ ಕತ್ತರಿಸಿದ್ದು?” ಎಂದಳು ಹೆಂಗಸು. “ಊರೆಲ್ಲ ಅಂತೈತಿ. ಮ್ಯಾಲ ಒಂದು ಬರದು ಒಳಗ ಒಂದು ಇಟ್ಟೀರಂತ. ಅದನ್ನೂ ಹೇಳ್ರಿ.”

ಆಗ ನಡೆದದ್ದನ್ನು ನಾನು ಎಂದಿಗೂ ಮರೆಯುವುದಿಲ್ಲ. ಅಲ್ಲಿಯವರೆಗೆ ಕಾಕನನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ ಗಂಡಸರೆಲ್ಲ ಒಮ್ಮೆಲೇ ತೊಲೆ, ಕಿಟಕಿ, ತಮ್ಮ ಕಾಲಿನ ಉಗುರುಗಳನ್ನು ನೋಡತೊಡಗಿದರು. ಅಲ್ಲಿದ್ದವರಲ್ಲಿ ಬೋರು ಇಲ್ಲದವರು ಯಾರೂ ಇರಲಿಲ್ಲ. ಪ್ಲೇಟಿನ ಮೇಲೆ ಐದು, ಒಳಗೆ ಏಳೂವರೆ ಇಲ್ಲದ ಬೋರೂ ಇರಲಿಲ್ಲ. ಭಂಡಾರದ ಬಟ್ಟಲು ನಡುವೆ ಇತ್ತು, ಅದು ಯಾರ ಕಡೆ ತಿರುಗುತ್ತದೋ ಹೇಳಲಾಗದು.

“ಪ್ಲೇಟಿನ ಮಾತು ಈಗ್ಯಾಕ ತಂಗಿ” ಎಂದ ಅಣ್ಣ, ಬಹಳ ಮೃದುವಾಗಿ. “ಆತಲ್ಲ, ಒಪ್ಪಿದ್ರಲ್ಲ.”

“ಬಿಡ್ರಿ, ಬಿಡ್ರಿ” ಎಂದರು ಹಿರಿಯರು. “ದೊಡ್ಡ ಮನಸು ಮಾಡವಾ.”

ಅವಳು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಕೊನೆಗೆ ಎಡಗೈಯಿಂದ ಕಾಕನ ಅಂಗೈಯ ಪುಡಿ ತೆಗೆದು ಅವನ ಹಣೆಗೆ, ತನ್ನ ಹಣೆಗೆ ಹಚ್ಚಿದಳು. ಬಲಗೈ ಎತ್ತಲು ಆಗುತ್ತಿರಲಿಲ್ಲ. ನಾವು ಏಳುವಾಗ ನನ್ನನ್ನು ಹತ್ತಿರ ಕರೆದು ನನ್ನ ಹಣೆಗೂ ಸ್ವಲ್ಪ ಹಚ್ಚಿ, “ನೀ ಯಾಕ ಬಂದಿಯೋ ಏನೋ” ಎಂದಳು.

ಹಣೆಯ ತುಂಬ ಹಳದಿ ಹಚ್ಚಿಕೊಂಡು ನಾವಿಬ್ಬರೂ ಹಡಗಲಿ ರಸ್ತೆಯಲ್ಲಿ ನಡೆದು ಬಂದೆವು. ಹಿಂದಿನಿಂದ ಬಟ್ಟೆ ಅಂಗಡಿಯ ಅವಳಿ ಮಕ್ಕಳು ಸದ್ದಿಲ್ಲದೆ ಬಂದು ಕಾಕನ ಮೊಳಕೈ ಸವರಿಕೊಂಡು ಮುಂದೆ ಹೋದಾಗ ಅವನು ಬೆಚ್ಚಿ ಪಕ್ಕಕ್ಕೆ ಹಾರಿ, “ಲೇ, ಕಣ್ ಕಾಣಂಗಿಲ್ಲೇನ್ರಲೇ” ಎಂದ. ಆ ಗಾಡಿ ಮಾರಿದ್ದು ಅವನೇ. ಅದರ ವೈರು ಕತ್ತರಿಸಿಕೊಟ್ಟದ್ದೂ ಅವನ ಅಂಗಡಿಯಲ್ಲೇ.

ಮರುದಿನ ಠಾಣೆಗೆ ಹೋಗಿ, ಗಾಡಿ ಓಡಿಸಿದವಳು ನಾನಲ್ಲ ಎಂದು ಹೇಳಿದೆ. ಹವಾಲ್ದಾರರಿಗೆ ಸುದ್ದಿ ಮುಟ್ಟಿತ್ತು. “ಓದಿದವರು ನೀವು, ಮನೀದು ಸ್ವಲ್ಪ ನೋಡಬೇಕ್ರಿ” ಎಂದರು. ನಾನು ಕುರ್ಚಿಯ ಅಂಚಿನಲ್ಲೇ ಕೂತಿದ್ದೆ. ಅವರಿಗೆ ಬೇರೆ ದಾರಿ ಇರಲಿಲ್ಲ. ಒಂದು ಹಟ್ಟಿಯೇ ಸಾಕ್ಷಿ ಇತ್ತು. ಕೇಸು ಗಾಡಿಯ ಮಾಲೀಕನ ಮೇಲೆ ಹೋಯಿತು. ಮೋಟಾರ್ ಇನ್‌ಸ್ಪೆಕ್ಟರು ಬಂದು, ಕತ್ತರಿಸಿ ಮತ್ತೆ ಜೋಡಿಸಿದ ವೈರಿನ ಗಂಟನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಹೋದರು. ವಿಮೆ ಇರಲಿಲ್ಲವಾದ್ದರಿಂದ ಆ ಹೆಂಗಸಿನ ಆಸ್ಪತ್ರೆಯ ಖರ್ಚನ್ನು ಕಾಕನೇ ನೋಡಿಕೊಂಡ, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಅವಳ ಕೈ ಕೂಡಿತು, ಸ್ವಲ್ಪ ಸೊಟ್ಟಗೆ.

ಬೋರ್ಡು ಇಳಿಯಲಿಲ್ಲ. ಒಂದು ಸಾಲಿಗೆ ಮಾತ್ರ ಸುಣ್ಣ ಹೊಡೆಸಿದರು, ‘ಚಿಂತೆ ಬೇಡ’ ಎಂಬುದಕ್ಕೆ. ಗಾಡಿಗಳನ್ನು ನಿಲ್ಲಿಸಿದ್ದು ಕಾನೂನಲ್ಲ, ಕರೆಂಟು. ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗಿ, ಅರೆಬರೆ ಚಾರ್ಜಿನಲ್ಲೇ ಓಡಿಸಿ ಓಡಿಸಿ ಬ್ಯಾಟರಿಗಳು ಒಂದೊಂದಾಗಿ ಸತ್ತವು. ನಮ್ಮ ಗಾಡಿ ಅಂಗಡಿಯ ಹಿಂದೆ ಸುಟ್ಟ ಮೋಟಾರುಗಳ ನಡುವೆ ನಿಂತಿತು. ಹುಡುಗಿ ಒಂದು ದಿನ ಅದರ ಸೀಟು ಒರೆಸುತ್ತ, ಲೈಸೆನ್ಸಿಗೆ ಎಷ್ಟು ವರ್ಷ ಆಗಬೇಕು ಎಂದು ನನ್ನನ್ನು ಕೇಳಿತು. ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ, ಅರ್ಧ ಹಲ್ಲು ತೋರಿಸಿ, “ಅಲ್ಲೀತನ ಇದು ಇರಂಗಿಲ್ಲ ಬಿಡಕ್ಕ” ಎಂದಿತು. ಮತ್ತೆ ಸೀಟು ಒರೆಸುತ್ತ, “ನೀ ಹೊಡದಿ ಅಂದಿದ್ರ ನಾ ಒಪ್ಪತಿದ್ದಿಲ್ಲ” ಎಂದಿತು. ಅದು ನನ್ನ ಪರವಾಗಿ ಹೇಳಿದ್ದೋ, ತನ್ನ ಪರವಾಗಿ ಹೇಳಿದ್ದೋ ನಾನು ಕೇಳಲಿಲ್ಲ.

ಪೊಲೀಸ್ ಪರಿಶೀಲನೆ ತಡವಾಗಿಯೇ ಬಂದಿತು. ಎಲ್ಲರಿಗೂ ಬಂದದ್ದಕ್ಕಿಂತ ತಡವಾಗಿ. ಆದರೆ ಅದರಲ್ಲಿ ಇರಬೇಕಾದ ಸಾಲು ಇತ್ತು. ಕೂಡ್ಲಿಗಿಯಲ್ಲಿ ಕೆಲಸಕ್ಕೆ ಸೇರಲು ಹೊರಟ ದಿನ ಕಾಕ ಬಸ್‌ಸ್ಟ್ಯಾಂಡಿಗೆ ಬಂದ, ಕಣ್ಣು ತಪ್ಪಿಸಿಕೊಂಡೇ ನನ್ನ ಟ್ರಂಕನ್ನು ಮೇಲೆ ಹಾಕಿಸಿದ. ಕಂಡಕ್ಟರು ಅವನ ಪರಿಚಯದವನು, ಯಾರು ಇವರು ಎಂದು ಕೇಳಿದ. ಕಿಟಕಿಯ ಪಕ್ಕ ಕೂತಿದ್ದ ನನಗೆ ಕೇಳುವಷ್ಟು ಜೋರಾಗಿಯೇ ಕಾಕ ಹೇಳಿದ:

“ನಮ್ಮ ಅಣ್ಣನ ಮಗಳು. ಮನ್ಯಾಗ ಈಕಿಗೊಬ್ಬಾಕಿಗೆ ಲೈಸೆನ್ಸ್ ಐತಿ. ಒಂದಿನಾನೂ ಉಪಯೋಗಕ್ಕ ಬರಲಿಲ್ಲ ನೋಡು.”